ಊರೂರು ಸುತ್ತಿದ ಜೀರಿಗೆ, ಭರಣಿ ಬಿಡದ ಮುರುಗಲು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಹಳ್ಳಿಮನೆಗೆ ಹೋದರೂ ಜಗುಲಿಯಲ್ಲಿ ಕೂತು ಉಸಿರು ಬಿಡುವಷ್ಟರಲ್ಲಿ ಕೇಳುವ ಮಾತು ಒಂದೇ: 'ಆಸ್ರಿಗೆ ಎಂತ ಮಾಡ್ಲಿ?' ಬೇಸಿಗೆಯಾದರೆ ಮುರುಗಲು, ಅಂದರೆ ಕೋಕಂ ಹಣ್ಣಿನ ಪಾನಕ ಬರುತ್ತದೆ, ಮಳೆಗಾಲವಾದರೆ ಕೊತ್ತಂಬರಿ, ಜೀರಿಗೆ, ಮೆಂತ್ಯೆ ಹುರಿದು ಪುಡಿ ಮಾಡಿದ ಬಿಸಿ ಕಷಾಯ. ಚಹಾ ಕಾಫಿ ಮುಟ್ಟದೆ ಕಷಾಯದಲ್ಲೇ ಎಂಬತ್ತು ದಾಟಿದ ಹಿರಿಯರು ಇಲ್ಲಿ ಈಗಲೂ ಇದ್ದಾರೆ. ಕುಡಿಯುವುದರ ಬಗ್ಗೆ ಇಷ್ಟು ತಿಳಿದ ಸೀಮೆಯ ಗೂಡಂಗಡಿಯಲ್ಲಿ ಫ್ರಿಜ್ ಬಾಗಿಲು ತೆಗೆದರೆ ಕೋಕ್, ಪೆಪ್ಸಿ ಪಕ್ಕದಲ್ಲಿ ನಿಂತಿರುವ ಕನ್ನಡನಾಡಿನ ಬಾಟಲಿ ಮಾತ್ರ ಶಿರಸಿಯದ್ದಲ್ಲ. ಅದು ಉಡುಪಿ ಜಿಲ್ಲೆಯ ಆಚೆಗಿನ ಪುತ್ತೂರಿನ 'ಬಿಂದು ಜೀರಾ'.

ಈ ಬಾಟಲಿಯ ಹಿಂದಿರುವವರು ಸತ್ಯಶಂಕರ್. ಸುಳ್ಯ ತಾಲ್ಲೂಕಿನ ಬೆಳ್ಳಾರೆಯವರು. ಮನೆಯಲ್ಲಿ ಬಡತನವಿತ್ತು, ಪಿಯುಸಿಗೇ ಓದು ನಿಂತಿತು. 1980ರ ದಶಕದಲ್ಲಿ ಸಾಲ ಮಾಡಿ ಆಟೊರಿಕ್ಷಾ ಕೊಂಡು ಪುತ್ತೂರಿನ ರಸ್ತೆಗಿಳಿದರು. ರಿಕ್ಷಾದ ಸಾಲ ತೀರಿದ ಮೇಲೆ ಅದನ್ನು ಮಾರಿ ಅಂಬಾಸಿಡರ್ ಕಾರು ತಂದರು. ಕಾರಿನ ಬಾಡಿಗೆಯಿಂದ ವಾಹನದ ಬಿಡಿಭಾಗ, ಟೈರ್‌ಗಳ ವ್ಯಾಪಾರಕ್ಕೆ ಬಂದರು. 1994ರಲ್ಲಿ ಪ್ರವೀಣ್ ಕ್ಯಾಪಿಟಲ್ ಎಂಬ ಸಂಸ್ಥೆ ಕಟ್ಟಿ ವಾಹನ ಕೊಳ್ಳುವವರಿಗೆ ತಾವೇ ಸಾಲ ಕೊಡತೊಡಗಿದರು. ಇಲ್ಲಿಯವರೆಗಿನ ಕಥೆಯಲ್ಲಿ ಪಾನೀಯದ ಒಂದು ಹನಿಯೂ ಇಲ್ಲ. ಬಾಟಲಿ ನೀರಿನ 'ಬಿಂದು' ಬಂದದ್ದು 2000ದಲ್ಲಿ. ಜೀರಿಗೆ ಹಾಕಿದ ಗ್ಯಾಸ್ ಪಾನೀಯ ಅದಾದ ಎರಡು ವರ್ಷಕ್ಕೆ.

ಇಂಥ ಯಶಸ್ಸಿನ ಕಥೆಗಳನ್ನು ಬರೆಯುವವರು ಸಾಮಾನ್ಯವಾಗಿ ಆಟೊದಿಂದ ಕೋಟಿಗೆ ಒಂದೇ ನೆಗೆತದಲ್ಲಿ ಹಾರಿಬಿಡುತ್ತಾರೆ. ನನಗೆ ಆ ನಡುವಿನ ಹದಿನೈದು ಚಿಲ್ಲರೆ ವರ್ಷಗಳೇ ಮುಖ್ಯವಾಗಿ ಕಾಣುತ್ತವೆ. ಆಟೊ ಓಡಿಸಿದವನಿಗೆ ಯಾವ ತಿರುವಿನಲ್ಲಿ ಯಾರ ಅಂಗಡಿ ಇದೆ, ಯಾವ ಹೊತ್ತಿಗೆ ಅಲ್ಲಿ ಜನ ಸೇರುತ್ತಾರೆ ಎಂಬುದು ಗೊತ್ತಿರುತ್ತದೆ. ಟೈರ್ ಮಾರಿದವನಿಗೆ ಲಾರಿಯವರ ಲೆಕ್ಕ ಗೊತ್ತು. ಸಾಲ ಕೊಟ್ಟವನಿಗೆ ಯಾರ ಮಾತು ನಂಬಬಹುದು, ಯಾರಿಗೆ ಎಷ್ಟು ದಿನ ಉದ್ರಿ ಬಿಡಬಹುದು ಎಂಬುದು ಗೊತ್ತು. ತಂಪುಪಾನೀಯದ ವ್ಯಾಪಾರದಲ್ಲಿ ಬೇಕಾಗುವುದು ಮುಕ್ಕಾಲು ಪಾಲು ಇದೇ. ಬಾಟಲಿಯೊಳಗಿನ ರಸವನ್ನು ಯಾರಾದರೂ ಕಲಿಸಿಕೊಟ್ಟಾರು. ಅದು ದಿನಾ ಬೆಳಿಗ್ಗೆ ಸಾವಿರಾರು ಗೂಡಂಗಡಿ ಮುಟ್ಟುವುದನ್ನು ಯಾವ ಪ್ರಯೋಗಾಲಯವೂ ಕಲಿಸುವುದಿಲ್ಲ.

ರಸವಾದರೂ ಹೊಸದೇನಲ್ಲ. ಜೀರಿಗೆ ನೀರು ಎಲ್ಲರ ಮನೆಯಲ್ಲೂ ಇತ್ತು. ಹೊಟ್ಟೆ ಉಬ್ಬರಿಸಿದರೆ ಅಜ್ಜಿ ಮೊದಲು ಕೈ ಹಾಕುತ್ತಿದ್ದದ್ದೇ ಜೀರಿಗೆ ಡಬ್ಬಿಗೆ. ಉತ್ತರ ಭಾರತದಲ್ಲಿ ಜೀರಾ ಸೋಡಾ ಹಳೆಯ ಮಾತು. ಅಷ್ಟೇ ಏಕೆ, ಥಮ್ಸ್ ಅಪ್, ಲಿಮ್ಕಾ ಮಾಡುತ್ತಿದ್ದ ಪಾರ್ಲೆ ಕಂಪನಿ 'ರಿಮ್‌ಝಿಮ್' ಎಂಬ ಮಸಾಲೆ ಸೋಡಾವನ್ನೂ ಮಾರುತ್ತಿತ್ತು. 1977ರಲ್ಲಿ ದೇಶ ಬಿಟ್ಟಿದ್ದ ಕೋಕಾಕೋಲಾ 1993ರಲ್ಲಿ ಮರಳಿ ಬಂದು ಪಾರ್ಲೆಯ ಬ್ರಾಂಡುಗಳನ್ನು ಕೊಂಡಾಗ ರಿಮ್‌ಝಿಮ್ ಕೂಡ ಅದರ ಕೈ ಸೇರಿತು. ಕೋಕಾಕೋಲಾ ಅದನ್ನು ಮೂಲೆಗೆ ಹಾಕಿ ಮರೆತುಬಿಟ್ಟಿತು. ಜೀರಿಗೆಗೆ ಮಾರುಕಟ್ಟೆ ಇದೆಯೆಂದು ಸಣ್ಣಪುಟ್ಟ ಊರುಗಳ ಉದ್ಯಮಿಗಳು ತೋರಿಸಿಕೊಟ್ಟ ಮೇಲೆ, 2018ರ ಸುಮಾರಿಗೆ ರಿಮ್‌ಝಿಮ್ ಮತ್ತೆ ಅಂಗಡಿಗೆ ಬಂತು. ಅಟ್ಲಾಂಟಾದ ಕಂಪನಿ ಬೆಳ್ಳಾರೆಯ ಹುಡುಗನ ಹಿಂದೆ ಬಂತೆಂದು ಹೇಳಿಕೊಳ್ಳಲು ನಮಗೆ ಖುಷಿಯೇ. ಆದರೆ ಅಷ್ಟು ನೇರವಾಗಿ ಹೇಳುವುದು ನ್ಯಾಯವಲ್ಲ, ಜೀರಾ ಮಾಡುವವರು ದೇಶದ ತುಂಬ ಇದ್ದರು. ಕರಾವಳಿ, ಮಲೆನಾಡಿನಲ್ಲಿ ಮಾತ್ರ ಜೀರಾ ಎಂದರೆ ಬಿಂದು ಎನ್ನುವಷ್ಟು ಹೆಸರು ಅಂಟಿಕೊಂಡಿತು. ಪುತ್ತೂರಿನ ಬಾಟಲಿ ಇಂದು ಹೊರರಾಜ್ಯಗಳಿಗೂ ಕಡಲಾಚೆಗೂ ಹೋಗುತ್ತದೆ. ಮನೆಗೊಬ್ಬರಂತೆ ದುಬೈ, ಮಸ್ಕತ್‌ಗೆ ದುಡಿಯಲು ಹೋದ ಕರಾವಳಿಯ ಜನ ಇರುವ ಕಡೆ ಊರಿನ ರುಚಿಗೆ ಗಿರಾಕಿ ಹುಡುಕಬೇಕಾಗಿಲ್ಲ.

ಹಾಗಾದರೆ ನಮ್ಮ ಮುರುಗಲು ಯಾಕೆ ಹೋಗಲಿಲ್ಲ? ಶಿರಸಿ ಪೇಟೆಯ ಕಟ್ಟೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: 'ನಮ್ಮವರಿಗೆ ವ್ಯಾಪಾರ ಬರ್ತಿಲ್ಲೆ.' ಇದನ್ನು ಒಪ್ಪುವುದು ಕಷ್ಟ. 1923ರಲ್ಲಿ ತೋಟಿಗರೇ ಸೇರಿ ಕಟ್ಟಿದ ಮಾರಾಟ ಸಹಕಾರಿ ಸಂಘ, ನಾವು ಟಿಎಸ್‌ಎಸ್ ಎನ್ನುವುದು, ನೂರು ವರ್ಷ ದಾಟಿ ಅಡಿಕೆ ವಹಿವಾಟು ನಡೆಸುತ್ತಿದೆ. ಶಿರಸಿ ಅಡಿಕೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಕಾಳುಮೆಣಸು, ಹಲಸು, ಕೋಕಂನಂಥ ಉತ್ಪನ್ನಗಳಿಗೆ ದಾರಿ ಮಾಡಲು ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿ ಇದೆ. ವ್ಯಾಪಾರ ಬಾರದವರ ಊರಿನ ಲಕ್ಷಣವಲ್ಲ ಇದು.

ಉತ್ತರ ಇರುವುದು ಹಣ್ಣಿನಲ್ಲೇ. ಜೀರಿಗೆ ಪುತ್ತೂರಿನಲ್ಲಿ ಬೆಳೆಯುವುದಿಲ್ಲ. ಗುಜರಾತ್, ರಾಜಸ್ಥಾನದ ಒಣ ಹೊಲದಲ್ಲಿ ಬೆಳೆದು ಊಂಝಾ ಮಾರುಕಟ್ಟೆಯಿಂದ ಚೀಲದಲ್ಲಿ ಬರುತ್ತದೆ. ಒಣಕಾಳು, ವರ್ಷವಿಡೀ ಸಿಗುತ್ತದೆ, ಗೋದಾಮಿನಲ್ಲಿ ಕೂರುತ್ತದೆ, ಯಾವ ತಿಂಗಳು ಅರೆದರೂ ಹೆಚ್ಚುಕಡಿಮೆ ಅದೇ ಘಮ. ಕಾರ್ಖಾನೆಗೆ ಬೇಕಾದದ್ದು ಇದೇ ಗುಣ. ಮುರುಗಲು ಹಾಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕೆಂಪಾಗುತ್ತದೆ, ಮೊದಲ ಮಳೆ ಬಿದ್ದರೆ ಬುಡದಲ್ಲಿ ಉದುರಿ ಕೊಳೆಯುತ್ತದೆ. ಆ ಕೆಲವೇ ವಾರಗಳಲ್ಲಿ ಕೊಯ್ದು, ಒಡೆದು, ಬೀಜ ತೆಗೆದು, ಸಿಪ್ಪೆಯ ಮೇಲೆ ಸಕ್ಕರೆ ಹಾಕಿ ಭರಣಿಯಲ್ಲಿ ಬಿಸಿಲಿಗಿಡಬೇಕು. ಸಕ್ಕರೆ ಸಿಪ್ಪೆಯ ರಸವನ್ನು ಎಳೆದು ಮಾಣಿಕ್ಯ ಬಣ್ಣದ ಪಾಕವಾಗುತ್ತದೆ. ಕಣ್ಣು ಕೋರೈಸುವ ಆ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ಬೆಳಕು, ಬಿಸಿ ಎರಡನ್ನೂ ಅದು ತಾಳುವುದಿಲ್ಲ. ಪಾರದರ್ಶಕ ಬಾಟಲಿಯಲ್ಲಿ ತುಂಬಿ ಅಂಗಡಿಯ ಮುಂದೆ ಬಿಸಿಲಲ್ಲಿಟ್ಟರೆ ಕೆಲ ತಿಂಗಳಲ್ಲೇ ಕಂದುಬಣ್ಣಕ್ಕೆ ಇಳಿಯುತ್ತದೆ. ಮೇಲಾಗಿ ರುಚಿ ಮನೆಯಿಂದ ಮನೆಗೆ ಬೇರೆ. ಹೆಗಡೆಯವರ ಮನೆಯದು ಹುಳಿ ಮುಂದು, ಭಟ್ಟರ ಮನೆಯದು ಸಿಹಿ ಮುಂದು. ಅತಿಥಿಗೆ ಅದು ಚಂದ, ಬ್ರಾಂಡಿಗೆ ತಲೆನೋವು.

ಮರದ ಜಾತಕವೂ ಸುಲಭದ್ದಲ್ಲ. ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎಬ್ಬಿಸಿದ ಸಸಿ ಏಳೆಂಟು ವರ್ಷ ಕಾಯಿಸಿ, ಹೂಬಿಟ್ಟ ಮೇಲೆ ತಾನು ಗಂಡು ಎಂದು ಹೇಳಿದರೆ ನೆಟ್ಟವನಿಗೆ ಏನು ಉಳಿಯಿತು? ಅದಕ್ಕೇ ಇದು ಬಹುಕಾಲ ಸೊಪ್ಪಿನ ಬೆಟ್ಟದಲ್ಲಿ, ತೋಟದ ಅಂಚಿನಲ್ಲಿ ತಾನಾಗಿ ಬೆಳೆದದ್ದನ್ನು ಹೆಕ್ಕುವ ಬೆಳೆಯಾಗಿಯೇ ಉಳಿಯಿತು. ಮಹಾರಾಷ್ಟ್ರದವರು ಸಿಂಧುದುರ್ಗ, ರತ್ನಾಗಿರಿಯ ಕೋಕಂಗೆ ಭೌಗೋಳಿಕ ಸೂಚಕ ಪಡೆದಿದ್ದಾರೆ. ದಾಪೋಲಿಯ ಕೃಷಿ ವಿಶ್ವವಿದ್ಯಾಲಯ 'ಕೊಂಕಣ ಅಮೃತಾ' ಎಂಬ ತಳಿಯನ್ನೇ ಕೊಟ್ಟಿದೆ. ನಮ್ಮ ಸೀಮೆಯ ವೈಶಿಷ್ಟ್ಯವೆಂದು ಹೇಳಿಕೊಳ್ಳಲು ಹಳದಿ ಹಣ್ಣಿನ ಬಿಳಿ ಮುರುಗಲು ಹೆಚ್ಚು ಸೂಕ್ತ. ಪಿತ್ತಕ್ಕೆ ಒಳ್ಳೆಯದೆಂದು ಅದರ ಒಣಸಿಪ್ಪೆಯನ್ನು ಶಿರಸಿ, ಸಿದ್ದಾಪುರದ ಮನೆಗಳು ಜೋಪಾನ ಮಾಡುತ್ತವೆ. ಆದರೆ ಅದರ ಮರಗಳು ಕಡಿಮೆ.

ಈ ಕಾಡಿನ ಹಣ್ಣೊಂದು ಜಗತ್ತು ಸುತ್ತಿ ಬಂದದ್ದೂ ಉಂಟು. ಮುರುಗಲಿನ ದಾಯಾದಿ ಉಪ್ಪಾಗೆ. ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂದು 1990ರ ದಶಕದಲ್ಲಿ ಅಮೆರಿಕದಲ್ಲಿ ಗುಲ್ಲೆದ್ದಿತು. 'ಗಾರ್ಸಿನಿಯಾ' ಮಾತ್ರೆಗಳಿಗಾಗಿ ಇಲ್ಲಿಯ ಕಾಡಿನಲ್ಲಿ ಒಮ್ಮೆಲೇ ಕೊಯ್ಲಿನ ಪೈಪೋಟಿ. ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. ಒಣಗಿಸಲು ಬಿಸಿಲಿಲ್ಲ, ಬೆಂಕಿಯೇ ಗತಿ. ಹಣ್ಣಿಗಾಗಿ ಕೊಂಬೆ ಕಡಿದರು, ಒಣಗಿಸಲು ಕಟ್ಟಿಗೆ ಕಡಿದರು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯ ಫಲ ಪ್ರಕಟಿಸಿತು: ಬೊಜ್ಜಿನ ಮೇಲೆ ಈ ಆಮ್ಲದ ಪರಿಣಾಮ ಔಷಧವಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನಿಲ್ಲ. ಆ ಡಬ್ಬಿಗಳ ಮೇಲೆ ಸಿದ್ದಾಪುರದ ಹೆಸರು ಯಾರು ಹಾಕಿದ್ದರು? ಸಿಪ್ಪೆ ಕೊಟ್ಟವರು ನಾವು, ಬ್ರಾಂಡು ಅವರದ್ದು. ಪುತ್ತೂರಿನ ಬಾಟಲಿಗೆ ನಾನು ಬೆಲೆ ಕೊಡುವುದು ಮುಖ್ಯವಾಗಿ ಇಲ್ಲಿ: ಜೀರಿಗೆ ಹೊರಗಿನದಾದರೂ ಹೆಸರು ಊರಿನದು, ಕೆಲಸವೂ ಊರಿನವರಿಗೆ.

ಮುರುಗಲು ಪಾನಕಕ್ಕೆ ಗ್ಯಾಸ್ ತುಂಬಿ ಬಿಂದುವಿನ ಹಾದಿ ಹಿಡಿಯಬೇಕೆಂದು ಆಗಾಗ ಸಲಹೆ ಬರುತ್ತದೆ. ಗ್ಯಾಸ್ ಪಾನೀಯದ ಮೇಲೆ ನಮ್ಮ ದೇಶದಲ್ಲಿ ಒಟ್ಟು ತೆರಿಗೆ ನೂರಕ್ಕೆ 40. ಕಾರ್ಖಾನೆ, ಯಂತ್ರ, ಸಾಗಣೆ ಬೇರೆ. ಈಗ ಶಿರಸಿಯಲ್ಲಿ ಗೃಹ ಉದ್ಯಮಗಳು ಮಾರುವ ದಪ್ಪ ಪಾಕವೇ ಹೆಚ್ಚು ಗಟ್ಟಿ ದಾರಿ. ಒಂದು ಬಾಟಲಿಯಲ್ಲಿ ಹಲವು ಲೋಟದ ಪಾನಕ ಪ್ರಯಾಣ ಮಾಡುತ್ತದೆ, ನೀರು ಹೊತ್ತುಕೊಂಡು ಹೋಗುವ ಲಾರಿ ಬಾಡಿಗೆ ಉಳಿಯುತ್ತದೆ. ಬೀಜ ಕುದಿಸಿ ತೆಗೆದ ಮುರುಗಲು ತುಪ್ಪ ಅಂಗಾಲಿನ ಒಡಕಿಗೆ ನಮಗೆ ಗೊತ್ತಿದ್ದದ್ದು. ಈಗ ಸೌಂದರ್ಯವರ್ಧಕ ಮಾಡುವವರೂ ಕೇಳಿ ಬರುತ್ತಾರೆ. ಇವೆಲ್ಲಕ್ಕೂ ಮೊದಲು ಹಣ್ಣು ಬೇಕು, ಅದೂ ಒಂದೇ ಗುಣದ್ದು. ಅದಕ್ಕೆ ಒಳ್ಳೆಯ ಹೆಣ್ಣು ಮರದಿಂದ ಕಸಿ ಕಟ್ಟಿದ ಗಿಡವೇ ಆಗಬೇಕು. ಕಸಿಗಿಡ ಬೀಜದ ಸಸಿಗಿಂತ ಬೇಗ ಫಲ ಕೊಡುತ್ತದೆ, ಗಂಡೋ ಹೆಣ್ಣೋ ಎಂಬ ಕಾಯುವಿಕೆ ಇಲ್ಲ. ನೆಡುವಾಗ ಹತ್ತು ಹೆಣ್ಣು ಗಿಡಕ್ಕೆ ಒಂದರಂತೆ ಗಂಡು ಗಿಡ ಸೇರಿಸಲು ಮರೆಯಬಾರದು. ಬೆಟ್ಟದಲ್ಲಿ ಹಳೆಯ ಗಂಡು ಮರ ಹತ್ತಿರದಲ್ಲೇ ಇದ್ದವರಿಗೆ ಆ ಖರ್ಚೂ ಉಳಿಯುತ್ತದೆ.