ಕಳಿಸಿದ್ದೆಲ್ಲ ತಲುಪಿದಂತಲ್ಲ: ಗೇಮ್ ಆ್ಯಪ್‌ನಿಂದ ಕ್ಲೌಡ್‌ಗೆ ಹೋಗುವ ದೊಡ್ಡ ಫೈಲ್‌ಗಳ ಲೆಕ್ಕ



ತಂತ್ರಜ್ಞಾನ ಗೋಷ್ಠಿಯ ಆಶಯ ಭಾಷಣಕ್ಕೆ ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ಏಕೆ ಕರೆದರು ಎಂದು ನಿಮಗೆ ಅನ್ನಿಸಿರಬಹುದು. ನನಗೂ ಅನ್ನಿಸಿತು. ನಾನು ಪ್ರೋಗ್ರಾಂ ಬರೆಯುವವನಲ್ಲ. ದುಬೈಗೆ ಬಂದು ಹದಿನಾರು ವರ್ಷವಾಯಿತು. ಅಷ್ಟೂ ವರ್ಷ ಮಾಡಿದ್ದು ಬೇರೆಯವರ ಲೆಕ್ಕ ತಾಳೆ ನೋಡುವ ಕೆಲಸ. ಆದರೆ ತಾಳೆಯಾಗದ ಒಂದು ಅಂಕಿಯ ಬೆನ್ನು ಹತ್ತಿ ಹೋದಾಗ ನಾನು ಕಲಿತ ಒಂದು ವಿಷಯವಿದೆ. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ನಮ್ಮ ನಡುವಿನ ಮೂವರು ಹುಡುಗರು ಹಗಲೆಲ್ಲ ಬೇರೆ ಬೇರೆ ಕಡೆ ದುಡಿದು, ರಾತ್ರಿ ಕೂತು ಚೌಕಾಬಾರದ ಗೇಮ್ ಆ್ಯಪ್ ಒಂದನ್ನು ಮಾಡಿದ್ದಾರೆ. ಐದು ಮನೆ ಉದ್ದ, ಐದು ಮನೆ ಅಗಲದ ಅದೇ ಪಟ, ಅದೇ ಕವಡೆ. ಫೋನನ್ನು ನಡುವೆ ಇಟ್ಟುಕೊಂಡು ಆಡಬಹುದು. ಆಡುವಾಗಿನ ಮಾತು, ನಗು, ಜಗಳವನ್ನೆಲ್ಲ ವಿಡಿಯೊ ಮಾಡಿ ಕ್ಲೌಡ್‌ನಲ್ಲಿ ಇಡಬಹುದು. ಅವರ ಲೆಕ್ಕಪತ್ರವನ್ನು ನಾನು ಸ್ನೇಹಕ್ಕಾಗಿ ನೋಡಿಕೊಡುತ್ತೇನೆ.

ಮಂಡ್ಯ ಕಡೆಯ ಒಬ್ಬರು ಇಲ್ಲಿ ಕ್ರೇನ್ ಆಪರೇಟರ್. ರಜೆಗೆ ಊರಿಗೆ ಹೋದಾಗ ಜಗಲಿಯ ಮೇಲೆ ಕೂತು ತಂದೆಯ ಜೊತೆ ಈ ಆಟ ಆಡಿ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಫೈಲಿನ ಗಾತ್ರ 1,440 ಎಂಬಿ. ಇಲ್ಲಿನ ರೂಮಿನಲ್ಲಿ ಎಂಟು ಜನಕ್ಕೆ ಒಂದೇ ವೈಫೈ. ಅಪ್‌ಲೋಡ್ ಮೂರು ಸಲ ನಡುವೆಯೇ ನಿಂತಿತು. ಮೂರು ಸಲವೂ ಮೊದಲಿನಿಂದ ಶುರು. ನಾಲ್ಕನೇ ಸಲ ‘ಅಪ್‌ಲೋಡ್ ಆಯಿತು’ ಎಂದು ಆ್ಯಪ್ ತೋರಿಸಿತು. ಫೋನಿನಲ್ಲಿ ಜಾಗ ಉಳಿಸಲೆಂದು ಅಲ್ಲಿದ್ದ ಪ್ರತಿಯನ್ನು ಅಳಿಸಿಯೂ ಹಾಕಿತು. ಎರಡು ತಿಂಗಳಾದ ಮೇಲೆ ಊರಲ್ಲಿ ತಂದೆ ತೀರಿಕೊಂಡರು. ಕೆಲಸ ಮುಗಿಸಿ ಬಂದ ರಾತ್ರಿ ಇವರು ಆ ವಿಡಿಯೊ ಹುಡುಕಿದರು. ಇರಲಿಲ್ಲ.

ಹುಡುಗರು ಕ್ಷಮೆ ಕೇಳಿ, ಕಟ್ಟಿದ್ದ ಚಂದಾ ಹಣ ವಾಪಸ್ ಕೊಡುತ್ತೇವೆ ಅಂದರು. ಅವರು ಅಂದದ್ದು ಇಷ್ಟೇ: ‘ದುಡ್ಡು ಬ್ಯಾಡ ಕಣ್ರಪ್ಪ, ಅಪ್ಪನ ದನಿ ಇತ್ತು ಅದ್ರಲ್ಲಿ.’

ಇದಾದ ಕೆಲವು ದಿನಕ್ಕೆ ನಾನು ವರ್ಷಾಂತ್ಯದ ಲೆಕ್ಕಕ್ಕೆ ಕೂತೆ. ಕ್ಲೌಡ್ ಬಿಲ್ಲಿನಲ್ಲಿ 690 ಜಿಬಿ ಸಂಗ್ರಹಕ್ಕೆ ಬಾಡಿಗೆ ಹಾಕಿದ್ದರು. ಹುಡುಗರು ಕೊಟ್ಟ ಫೈಲ್‌ಗಳ ಪಟ್ಟಿ ಕೂಡಿದರೆ 410 ಜಿಬಿ. ‘ಮಿಕ್ಕ 280 ಎಲ್ಲಿ?’ ಎಂದೆ. ‘ಪಟ್ಟಿಯಲ್ಲಿ ಇರೋದೇ ಇಷ್ಟು ಸಾರ್’ ಅಂದರು. ಹಣ ದೊಡ್ಡದಲ್ಲ. ಆದರೆ ಗೋದಾಮಿನವನು ಬಾಡಿಗೆ ಕೇಳುತ್ತಿದ್ದಾನೆ ಎಂದರೆ ಅಲ್ಲಿ ಸರಕು ಇದ್ದೇ ಇದೆ. ಅದು ನಮ್ಮ ದಾಸ್ತಾನು ಪುಸ್ತಕಕ್ಕೆ ಏರಿಲ್ಲ, ಅಷ್ಟೆ.

ಆ ಸರಕು ಏನೆಂದು ತಿಳಿಯಲು ದೊಡ್ಡ ಫೈಲ್ ಹೇಗೆ ಪ್ರಯಾಣ ಮಾಡುತ್ತದೆ ಎಂಬುದು ಗೊತ್ತಿರಬೇಕು. ಇದಕ್ಕೆ ಕಂಪ್ಯೂಟರ್ ವಿದ್ಯೆ ಬೇಡ. ಕರಾಮಾದಲ್ಲೋ ಸತ್ವಾದಲ್ಲೋ ನಿಂತು ಊರಿಗೆ ಕಾರ್ಗೋ ಹಾಕಿದವರಿಗೆಲ್ಲ ಇದು ಗೊತ್ತು. ಆರು ಪೆಟ್ಟಿಗೆ ಇದ್ದರೆ ಮಾರ್ಕರ್‌ನಲ್ಲಿ 1/6, 2/6 ಎಂದು ಬರೆಯುತ್ತೇವೆ. ಪ್ಯಾಕಿಂಗ್ ಲಿಸ್ಟ್ ಒಂದು ನಮ್ಮ ಬಳಿ, ಒಂದು ಅವರ ಬಳಿ. ಮೂರನೆಯದು ಬರಲಿಲ್ಲ ಎಂದರೆ ಮೂರನೆಯದನ್ನು ಮಾತ್ರ ಹುಡುಕುತ್ತಾರೆ. ಆರನ್ನೂ ಮತ್ತೆ ಕಳಿಸು ಎನ್ನುವುದಿಲ್ಲ.

1,440 ಎಂಬಿ ಫೈಲನ್ನು ಒಂದೇ ಉಸಿರಿಗೆ ಕಳಿಸುವುದೆಂದರೆ ಆರು ಪೆಟ್ಟಿಗೆಯ ಸಾಮಾನನ್ನು ಒಂದೇ ಮೂಟೆ ಕಟ್ಟಿದ ಹಾಗೆ. ಅಪ್‌ಲೋಡ್ ವೇಗ ಸೆಕೆಂಡಿಗೆ 4 ಮೆಗಾಬಿಟ್ ಎಂದುಕೊಳ್ಳಿ. ಒಂದು ಬೈಟ್‌ಗೆ 8 ಬಿಟ್. 1,440ನ್ನು 8ರಿಂದ ಗುಣಿಸಿ 4ರಿಂದ ಭಾಗಿಸಿದರೆ 2,880 ಸೆಕೆಂಡ್, ಅಂದರೆ 48 ನಿಮಿಷ. ಅಷ್ಟು ಹೊತ್ತು ವೈಫೈ ಒಮ್ಮೆಯೂ ಕಡಿಯಬಾರದು, ಒಂದು ಕರೆಯೂ ಬರಬಾರದು, ಸ್ಕ್ರೀನ್ ಲಾಕ್ ಆಗಬಾರದು. ನಮ್ಮ ರೂಮುಗಳಲ್ಲಿ ಇದು ನಡೆಯುವ ಮಾತಲ್ಲ.

ಗೇಮ್ ಆ್ಯಪ್‌ಗೆ ಇನ್ನೊಂದು ಕಷ್ಟವೂ ಇದೆ. ಚಿತ್ರ, ಸದ್ದು ಎಲ್ಲ ಸೇರಿ ಅದು ಮೊದಲೇ ಫೋನಿನ ಮೆಮೊರಿಯನ್ನು ಸಾಕಷ್ಟು ಹಿಡಿದಿರುತ್ತದೆ. ಅದರ ಮೇಲೆ ಇಡೀ ವಿಡಿಯೊವನ್ನು ಮೆಮೊರಿಗೆ ತುಂಬಿಕೊಂಡು ಕಳಿಸಲು ಹೊರಟರೆ ಫೋನೇ ಆ್ಯಪನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಡಿಸ್ಕ್‌ನಿಂದ ಒಂದು ತುಂಡು ಓದಬೇಕು, ಕಳಿಸಬೇಕು, ಆ ಜಾಗ ಖಾಲಿ ಮಾಡಿ ಮುಂದಿನ ತುಂಡಿಗೆ ಹೋಗಬೇಕು.

ಕ್ಲೌಡ್ ಕಂಪನಿಗಳು ಇದಕ್ಕೆಂದೇ ನಿಯಮ ಮಾಡಿವೆ. ಅಮೆಜಾನ್ ಎಸ್3ರಲ್ಲಿ ಒಂದೇ ಸಲಕ್ಕೆ 5 ಜಿಬಿ ತನಕ ಕಳಿಸಬಹುದು. ಅದಕ್ಕಿಂತ ದೊಡ್ಡದಾದರೆ ತುಂಡುಗಳಲ್ಲೇ ಹೋಗಬೇಕು. ಒಂದು ತುಂಡು ಕನಿಷ್ಠ 5 ಎಂಬಿ ಇರಬೇಕು, ಕೊನೆಯದು ಮಾತ್ರ ಚಿಕ್ಕದಿರಬಹುದು. ಒಂದು ಫೈಲಿಗೆ ಹೆಚ್ಚೆಂದರೆ 10,000 ತುಂಡು. ಗೂಗಲ್ ಕ್ಲೌಡ್ ಸ್ಟೋರೇಜ್‌ನಲ್ಲಿ ತುಂಡಿನ ಗಾತ್ರ 256 ಕೆಬಿಯ ಗುಣಕವಾಗಿರಬೇಕು. ನಡುವೆ ನಿಂತರೆ ‘ಎಲ್ಲಿಯವರೆಗೆ ಬಂದಿದೆ?’ ಎಂದು ಕೇಳಿ ಅಲ್ಲಿಂದಲೇ ಮುಂದುವರಿಸಬಹುದು. ಆ ಅವಕಾಶ ಒಂದು ವಾರದ ತನಕ. ಮೈಕ್ರೋಸಾಫ್ಟ್ ಅಜೂರ್‌ನಲ್ಲಿ 50,000 ತುಂಡುಗಳ ತನಕ ಮಾಡಬಹುದು. ಪದ್ಧತಿ ಬೇರೆ ಬೇರೆ, ತತ್ವ ಒಂದೇ.

ಈ ತತ್ವ ನಮ್ಮ ಲೆಕ್ಕಪತ್ರದ್ದೇ. ಐದು ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು, ತಿಜೋರಿಯ ಕೀಲಿ ಕೊಡಬೇಡಿ, ಚೆಕ್ ಕೊಡಿ. ಕ್ಲೌಡ್ ಖಾತೆಯ ಗುಪ್ತ ಕೀಲಿಯನ್ನು ಆ್ಯಪ್‌ನ ಒಳಗೆ ಇಡುವವರಿದ್ದಾರೆ. ಆ್ಯಪ್ ಬಿಚ್ಚಿ ನೋಡಬಲ್ಲ ಯಾರಿಗೇ ಆದರೂ ಅದು ಸಿಗುತ್ತದೆ. ಅದರ ಬದಲು ನಮ್ಮ ಸರ್ವರ್ ಪ್ರತಿ ಅಪ್‌ಲೋಡ್‌ಗೂ ಸಹಿ ಹಾಕಿದ ವಿಳಾಸವೊಂದನ್ನು ಕೊಡಬೇಕು. ಇಂಥದೇ ಫೈಲ್, ಇಷ್ಟೇ ಹೊತ್ತು ಎಂದು ಅದರಲ್ಲಿ ನಿಗದಿಯಾಗಿರುತ್ತದೆ. ಚೆಕ್‌ನಲ್ಲಿ ಹೆಸರು, ತಾರೀಕು ಇದ್ದ ಹಾಗೆ.

ಎರಡನೆಯದು, ಪ್ರತಿ ತುಂಡಿಗೂ ನಂಬರ್, ಪ್ರತಿ ನಂಬರಿಗೂ ರಸೀದಿ. ತುಂಡು ತಲುಪಿದಾಗ ಕ್ಲೌಡ್ ಒಂದು ಗುರುತನ್ನು ಹಿಂದಿರುಗಿಸುತ್ತದೆ. ಅದನ್ನೂ ಅಪ್‌ಲೋಡ್‌ನ ಸಂಖ್ಯೆಯನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಬೇಕು. ಆ್ಯಪ್ ಮುಚ್ಚಿ ತೆರೆದರೂ ರಸೀದಿ ಪುಸ್ತಕ ಉಳಿದಿರುತ್ತದೆ, ಕೆಲಸ ನಿಂತಲ್ಲಿಂದ ಮುಂದುವರಿಯುತ್ತದೆ.

ಮೂರನೆಯದು, ತಪ್ಪಿದ ತುಂಡನ್ನು ಮಾತ್ರ ಮತ್ತೆ ಕಳಿಸಿ. ಹಟ ಹಿಡಿದು ಒಂದೇ ಸಮನೆ ಬಾಗಿಲು ಬಡಿಯದೆ 1 ಸೆಕೆಂಡ್, 2, 4, 8 ಎಂದು ಬಿಡುವು ಹೆಚ್ಚಿಸುತ್ತಾ ಹೋಗಿ. ಎಸ್3ರಲ್ಲಿ ಒಂದೇ ಅಪ್‌ಲೋಡ್‌ಗೆ ಅದೇ ನಂಬರಿನ ತುಂಡು ಎರಡು ಸಲ ಹೋದರೆ ಹಳೆಯದರ ಜಾಗಕ್ಕೆ ಹೊಸದು ಕೂರುತ್ತದೆ. ಒಂದೇ ವೋಚರ್ ಎರಡು ಸಲ ಖರ್ಚಿಗೆ ಬೀಳುವ ಭಯವಿಲ್ಲ.

ನಾಲ್ಕನೆಯದು, ಮೊತ್ತ ತಾಳೆ ನೋಡಿ. ಎಲ್ಲ ತುಂಡು ತಲುಪಿದ ಮೇಲೆ ‘ಇವನ್ನು ಜೋಡಿಸಿ’ ಎಂದು ಪಟ್ಟಿ ಸಮೇತ ಕೇಳಬೇಕು. ಅಲ್ಲಿಯವರೆಗೆ ಫೈಲ್ ಎಂಬುದೇ ಹುಟ್ಟಿರುವುದಿಲ್ಲ. ಜೋಡಿಸಿದ ಮೇಲೆ ಗಾತ್ರ ಒಂದೇ ಇದೆಯೇ, ಚೆಕ್‌ಸಮ್ ಎಂಬ ಪರೀಕ್ಷಾ ಸಂಖ್ಯೆ ಎರಡೂ ಕಡೆ ಒಂದೇ ಬರುತ್ತದೆಯೇ ನೋಡಬೇಕು. ಅದಾದ ಮೇಲೆಯೇ ಫೋನಿನ ಪ್ರತಿ ಅಳಿಸುವ ಮಾತು.

ಐದನೆಯದು, ಸಸ್ಪೆನ್ಸ್ ಅಕೌಂಟ್ ಖಾಲಿ ಮಾಡಿ. ಯಾವ ತಲೆಬರಹಕ್ಕೆ ಹಾಕಬೇಕೆಂದು ಗೊತ್ತಾಗದ ಮೊತ್ತವನ್ನು ನಾವು ತಾತ್ಕಾಲಿಕವಾಗಿ ಇಡುವ ಖಾತೆ ಅದು. ಎಸ್3ರಲ್ಲಿ ಜೋಡಣೆಯಾಗದ ತುಂಡುಗಳು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಅವಕ್ಕೂ ಬಾಡಿಗೆ ಬೀಳುತ್ತಿರುತ್ತದೆ. ಇಂತಿಷ್ಟು ದಿನವಾದ ಮೇಲೆ ಅಳಿಸು ಎಂದು ನಾವೇ ನಿಯಮ ಹಾಕಬೇಕು. ಅಜೂರ್ ಮಾತ್ರ ಜೋಡಣೆಯಾಗದ ತುಂಡುಗಳನ್ನು ಒಂದು ವಾರದ ಮೇಲೆ ತಾನೇ ತೆಗೆದುಹಾಕುತ್ತದೆ.

ಈಗ ನಮ್ಮ 280 ಜಿಬಿ ಏನೆಂದು ನಿಮಗೆ ಹೊಳೆದಿರಬೇಕು. ಹುಡುಗರ ಆ್ಯಪ್ ಫೈಲನ್ನು 16 ಎಂಬಿಯ ತುಂಡು ಮಾಡಿಯೇ ಕಳಿಸುತ್ತಿತ್ತು. ಆದರೆ ರಸೀದಿ ಇಟ್ಟುಕೊಳ್ಳುತ್ತಿರಲಿಲ್ಲ, ಸಂಪರ್ಕ ಕಡಿದಾಗಲೆಲ್ಲ ಹೊಸ ಅಪ್‌ಲೋಡ್ ಶುರು ಮಾಡುತ್ತಿತ್ತು. ಕೊನೆಯ ತುಂಡು ಹೊರಟ ಕೂಡಲೇ ‘ಆಯಿತು’ ಎನ್ನುತ್ತಿತ್ತು. ಜೋಡಿಸಿ ಎಂಬ ಕೋರಿಕೆಗೆ ಬಂದ ಉತ್ತರವನ್ನು ಓದುತ್ತಲೇ ಇರಲಿಲ್ಲ.

ಜೋಡಣೆಯಾಗದೆ ಬಿದ್ದಿರುವ ಅಪ್‌ಲೋಡ್‌ಗಳ ಪಟ್ಟಿಯನ್ನು ಬೇರೆಯಾಗಿ ಕೇಳಿ ತೆಗೆಯಬಹುದು ಎಂದು ಹುಡುಗರಲ್ಲಿ ಒಬ್ಬ ಕಂಡುಕೊಂಡ. ಕ್ರೇನ್ ಆಪರೇಟರ್ ಅವರ ಹೆಸರಿನಲ್ಲಿ ನಾಲ್ಕು ಸಿಕ್ಕವು. ಅವರ ಫೈಲಿಗೆ ಒಟ್ಟು 90 ತುಂಡು ಆಗಬೇಕಿತ್ತು. ಮೊದಲ ಪ್ರಯತ್ನದಲ್ಲಿ 38, ಎರಡನೆಯದರಲ್ಲಿ 71, ಮೂರನೆಯದರಲ್ಲಿ 22 ತುಂಡು ತಲುಪಿದ್ದವು. ನಾಲ್ಕನೆಯದರಲ್ಲಿ 89. ಇಲ್ಲದಿದ್ದದ್ದು 61ನೆಯದು ಒಂದೇ.

ಲೆಕ್ಕಿಗನ ಬುದ್ಧಿ ಇಲ್ಲಿ ಕೆಲಸಕ್ಕೆ ಬಂತು. ನಾಲ್ಕೂ ಸಲ ಕಳಿಸಿದ್ದು ಅದೇ ಫೈಲ್, ಅದೇ ಅಳತೆ. ಎರಡನೆಯ ಪ್ರಯತ್ನ 71ರ ತನಕ ಹೋಗಿದ್ದರೆ 61ನೆಯದು ಅದರಲ್ಲಿ ಇರಲೇಬೇಕಲ್ಲವೇ? ಹುಡುಗರು ಎರಡನೆಯದನ್ನು ಇದ್ದಷ್ಟಕ್ಕೇ ಜೋಡಿಸಿ ಇಳಿಸಿಕೊಂಡರು, ನಾಲ್ಕನೆಯದನ್ನೂ ಹಾಗೇ ಮಾಡಿದರು. ಒಂದರಿಂದ 61ನೆಯ ತುಂಡು ಕತ್ತರಿಸಿ ಇನ್ನೊಂದರ ಖಾಲಿ ಜಾಗಕ್ಕೆ ಕೂರಿಸಿದರು. ಗಾತ್ರ ನೋಡಿದೆವು: 1,440. ತಾಳೆಯಾಯಿತು.

ಪೂರ್ತಿ ನೋಡಲು ನಮಗೆ ಹಕ್ಕಿರಲಿಲ್ಲ. ತೆರೆಯುತ್ತದೆಯೇ ಎಂದು ಮೊದಲ ಕೆಲವು ಸೆಕೆಂಡ್ ಮಾತ್ರ ನೋಡಿದೆವು. ‘ಕವಡೆ ಸರಿಯಾಗಿ ಹಾಕೋ, ಮೋಸ ಮಾಡಬ್ಯಾಡ’ ಎಂದು ಒಬ್ಬ ಮುದುಕರು ನಗುತ್ತಿದ್ದರು. ಅಲ್ಲಿಗೇ ನಿಲ್ಲಿಸಿ ಅವರಿಗೆ ಕಳಿಸಿದೆವು. ಮಾರನೆಯ ದಿನ ಅವರು ಫೋನ್ ಮಾಡಿದರು, ಹೆಚ್ಚು ಮಾತಾಡಲಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ನಾನು ಹೇಳಿದ ಐದನೆಯ ನಿಯಮವನ್ನು ಹುಡುಗರು ಮೊದಲೇ ಪಾಲಿಸಿದ್ದರೆ ಆ ತುಂಡುಗಳು ಅಳಿಸಿಹೋಗಿರುತ್ತಿದ್ದವು, ಈ ವಿಡಿಯೊ ಸಿಗುತ್ತಲೇ ಇರಲಿಲ್ಲ. ಹಾಗಾದರೆ ನಿಯಮ ತಪ್ಪೇ? ಅಲ್ಲ. ಎರಡನೆಯದನ್ನೂ ನಾಲ್ಕನೆಯದನ್ನೂ ಪಾಲಿಸಿದ್ದರೆ ವಿಡಿಯೊ ಕಳೆದೇ ಹೋಗುತ್ತಿರಲಿಲ್ಲ. ನಮಗೆ ಸಿಕ್ಕಿದ್ದು ಅದೃಷ್ಟ, ಅದೃಷ್ಟವನ್ನು ಯಾವ ಲೆಕ್ಕಪರಿಶೋಧಕನೂ ಆಸ್ತಿಯ ಪಟ್ಟಿಗೆ ಸೇರಿಸುವುದಿಲ್ಲ. ಈಗ ಹುಡುಗರು ಐದನ್ನೂ ಅಳವಡಿಸಿದ್ದಾರೆ. ಅಳಿಸುವ ಮುನ್ನ ಬಾಕಿ ತುಂಡುಗಳ ಪಟ್ಟಿ ವಾರಕ್ಕೊಮ್ಮೆ ನನ್ನ ಮೇಜಿಗೂ ಬರುತ್ತದೆ.

ಆ್ಯಪ್ ಮಾಡುವವರು ನಿಮ್ಮಲ್ಲಿ ಕೆಲವರೇ ಇರಬಹುದು. ಊರಿನ ಮುಖ, ಊರಿನ ದನಿಯನ್ನು ಫೋನಿನಲ್ಲಿ ಹೊತ್ತು ತರುವವರು ನಾವೆಲ್ಲರೂ. ಆದ್ದರಿಂದ ಎಲ್ಲರಿಗೂ ಒಂದು ಕೋರಿಕೆ. ದೊಡ್ಡ ಫೈಲ್ ಕಳಿಸುವಾಗ ಫೋನನ್ನು ಚಾರ್ಜಿಗೆ ಹಾಕಿ, ಆ್ಯಪ್ ತೆರೆದೇ ಇಡಿ. ‘ಆಯಿತು’ ಎಂದು ಬಂದ ಮೇಲೆ ಇನ್ನೊಂದು ಫೋನಿನಲ್ಲಿ ಅದನ್ನು ತೆರೆದು, ಕೊನೆಯ ನಿಮಿಷಕ್ಕೆ ಸರಿಸಿ ನೋಡಿ. ಆಮೇಲೆ ಮಾತ್ರ ನಿಮ್ಮ ಫೋನಿನದನ್ನು ಅಳಿಸಿ. ಊರಿಗೆ ಹಣ ಕಳಿಸಿದ ಮೇಲೆ ‘ಬಂತಾ ಅವ್ವ?’ ಎಂದು ಫೋನ್ ಮಾಡಿ ಕೇಳುತ್ತೇವಲ್ಲ, ಇದೂ ಅಷ್ಟೆ. ಕಳಿಸಿದ್ದು ನಮ್ಮ ಮಾತು, ತಲುಪಿದ್ದು ಅವರ ಮಾತು. ಅವರ ಬಾಯಿಂದ ಕೇಳುವ ತನಕ ಲೆಕ್ಕ ಮುಗಿದಿಲ್ಲ.