ಮಂಚ ಅಟ್ಟಕ್ಕೇರಿತು, ಫ್ಯಾನು ಎಲ್ಲಿಗೆ?

ಶಿವಮೊಗ್ಗ: “ಆಚಾರ್ರೇ, ಹುಡುಗನಿಗೆ ಅಟ್ಟದ ಮಂಚ ಬೇಕಂತೆ. ಎಷ್ಟಾಗುತ್ತೆ?”

“ರೇಟು ಆಮೇಲೆ ಹೇಳ್ತೀನಿ ಯಜಮಾನ್ರೇ. ಮೊದಲು ಫ್ಯಾನು ಎಲ್ಲಿದೆ ಹೇಳಿ.”

ಫೋನಿನಲ್ಲಿ ಫೋಟೋ ಹಿಡಿದು ಮರಗೆಲಸದ ಶೆಡ್ಡಿಗೆ ಬಂದಿದ್ದ ಬಟ್ಟೆ ಅಂಗಡಿ ಯಜಮಾನರಿಗೆ ಒಂದು ಗಳಿಗೆ ಏನೂ ತೋಚಲಿಲ್ಲ. ಕೇಳಿದ್ದು ಮಂಚದ ವಿಚಾರ, ಇವರು ಫ್ಯಾನಿನ ಸುದ್ದಿ ತೆಗೆಯುತ್ತಾರಲ್ಲ! ಆದರೆ ಆ ಒಂದು ಪ್ರಶ್ನೆ ಕೇಳದೆ ಮಂಚ ಕೊಂಡರೆ ಅಪಾಯ ಮಗುವಿನ ತಲೆಯ ಮೇಲೇ ತಿರುಗುತ್ತಿರುತ್ತದೆ.

ಅಟ್ಟದ ಮಂಚ ಎಂದರೆ ಅಂಗಡಿಯವರ ಬಾಯಲ್ಲಿ ಲಾಫ್ಟ್ ಬೆಡ್. ಸ್ಲೀಪರ್ ಬಸ್ಸಿನ ಮೇಲಿನ ಬರ್ತನ್ನು ತಂದು ಮನೆಯಲ್ಲಿ ನಿಲ್ಲಿಸಿದ ಹಾಗೆ. ಮೇಲೆ ಮಲಗುವ ಜಾಗ, ಕೆಳಗೆ ಓದುವ ಮೇಜು, ಪುಸ್ತಕದ ಗೂಡು. ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಮಕ್ಕಳ ಪಾಲಿಗೆ ಸಿಕ್ಕುವುದು ಹೆಚ್ಚೆಂದರೆ ಹತ್ತಡಿಗೆ ಹತ್ತಡಿಯ ಕೋಣೆ. ಮಂಚ, ಮೇಜು, ಬೀರು ಎಲ್ಲ ಅದರಲ್ಲೇ ತುಂಬಿದರೆ ಹುಡುಗ ಓಡಾಡುವುದೆಲ್ಲಿ? ಹಾಗಾಗಿ ಆಸೆ ತಪ್ಪಲ್ಲ. ಅಳತೆ ತಪ್ಪಬಾರದು, ಅಷ್ಟೇ.

ಆಚಾರ್ರು ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ತೋರಿಸಿದ ಲೆಕ್ಕ ಹೀಗಿತ್ತು. ಕೋಣೆಯ ಎತ್ತರ 10 ಅಡಿ. ಫ್ಯಾನಿನ ರೆಕ್ಕೆ ನೆಲದಿಂದ ಸುಮಾರು 9 ಅಡಿ. ಮಂಚದ ಹಲಗೆ 5 ಅಡಿ, ಅದರ ಮೇಲೆ 4 ಇಂಚಿನ ಹಾಸಿಗೆ. ನಾಲ್ಕೂವರೆ ಅಡಿಯ ಹುಡುಗ ಹಾಸಿಗೆಯ ಮೇಲೆ ಎದ್ದು ನಿಂತರೆ ಅವನ ತಲೆ 9 ಅಡಿ 10 ಇಂಚಿಗೆ ಬಂತು! ರೆಕ್ಕೆಗಿಂತ ಮೇಲೆ, ತಾರಸಿಗೆ ಎರಡೇ ಇಂಚು ಕೆಳಗೆ.

“ಮಂಚ ಗೋಡೆ ಪಕ್ಕ ಇರುತ್ತಲ್ಲ, ಫ್ಯಾನು ಮಧ್ಯದಲ್ಲಿ?” ಎಂದರು ಯಜಮಾನರು. ಅದಕ್ಕೂ ಲೆಕ್ಕವಿದೆ. 48 ಇಂಚಿನ ಫ್ಯಾನಿನ ರೆಕ್ಕೆ ನಡುವಿನಿಂದ 2 ಅಡಿ ಚಾಚುತ್ತದೆ. ಹತ್ತಡಿ ಕೋಣೆಯಲ್ಲಿ ಅದರ ತುದಿಯಿಂದ ಗೋಡೆಗೆ ಉಳಿಯುವುದು 3 ಅಡಿ. ಮಂಚದ ಅಗಲವೂ 3 ಅಡಿಯೇ. ನಿದ್ದೆಗಣ್ಣಲ್ಲಿ ಮಗು ಎದ್ದು ಕೈ ಚಾಚಿದರೆ ಮುಗಿಯಿತು. ಮಂಚವನ್ನು 4 ಅಡಿಗೆ ತಗ್ಗಿಸಿದರೂ ನಿಂತವನ ತಲೆ 8 ಅಡಿ 10 ಇಂಚು. ಎತ್ತಿದ ಕೈ ರೆಕ್ಕೆಗೆ ಸಿಕ್ಕುತ್ತದೆ. ಆದ್ದರಿಂದ ಮಂಚ ಮೇಲೇರಬೇಕಾದರೆ ಫ್ಯಾನು ತಾರಸಿಯಿಂದ ಇಳಿಯಬೇಕು. ಕೈಗೆ ಎಟುಕದಂತೆ ಎದುರು ಗೋಡೆಗೆ ಜಾಲರಿ ಇರುವ ಗೋಡೆ ಫ್ಯಾನು ಹಾಕಿಸಬೇಕು.

ಇನ್ನು ವಯಸ್ಸು. ಅಮೆರಿಕದಲ್ಲಿ 2000ನೇ ಇಸವಿಯಿಂದ ಜಾರಿಯಲ್ಲಿರುವ ಬಂಕ್ ಮಂಚದ ನಿಯಮ ಇಲ್ಲಿಯವರಿಗೂ ದಾರಿ ತೋರಿಸುತ್ತದೆ. 6 ವರ್ಷದೊಳಗಿನ ಮಕ್ಕಳನ್ನು ಮೇಲಿನ ಮಂಚದಲ್ಲಿ ಮಲಗಿಸಬಾರದು ಎಂದು ಮಂಚದ ಮೇಲೇ ಬರೆದಿರಬೇಕು. ಕಟಕಟೆ ಹಾಸಿಗೆಗಿಂತ ಕನಿಷ್ಠ 5 ಇಂಚು ಮೇಲಿರಬೇಕು. ಪಟ್ಟಿಗಳ ನಡುವಿನ ಸಂದು 3.5 ಇಂಚು ಮೀರಬಾರದು. ಮೀರಿದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು. ಗೋಡೆ ಇದೆಯಲ್ಲ ಎಂದು ಆ ಕಡೆಯ ಕಟಕಟೆ ಬಿಡುವಂತಿಲ್ಲ.

ಇಲ್ಲಿ ನಮ್ಮವರು ಎಡವುವುದು ಹಾಸಿಗೆಯಲ್ಲಿ. ಮಂಚದ ಜೊತೆ ಬಂದ ತೆಳು ಹಾಸಿಗೆ ಸಾಲದು ಎಂದು ಅದರ ಮೇಲೆ ಹತ್ತಿ ಹಾಸಿಗೆ, ಅದರ ಮೇಲೊಂದು ಕೌದಿ. ಕಟಕಟೆ ಇದ್ದಲ್ಲೇ ಇರುತ್ತದೆ, ಮಗು ಮಾತ್ರ ಮೇಲೇರುತ್ತದೆ!

ಏಣಿಗೆ ದುಂಡು ಕೋಲಿಗಿಂತ ಅಗಲವಾದ ಮೆಟ್ಟಿಲು ವಾಸಿ. ಅದನ್ನು ಬೋಲ್ಟ್ ಹಾಕಿ ಬಿಗಿಯಬೇಕು. ಬರಿ ಕೊಕ್ಕೆಗೆ ನೇತುಹಾಕಿದ ಏಣಿ ಜಾರಿದರೆ, ಅಟ್ಟ ಹತ್ತಿಸಿ ಏಣಿ ಒದ್ದ ಗಾದೆ ಮನೆಯಲ್ಲೇ ನಿಜವಾದೀತು.

ಮರ ಯಾವುದು? ತೇಗ ಒಳ್ಳೆಯದು, ದುಡ್ಡೂ ಜಾಸ್ತಿ. ಹೊನ್ನೆ, ಮತ್ತಿ, ಹಲಸು ಕೂಡ ಗಟ್ಟಿ ಮರಗಳೇ. ಮಲೆನಾಡಿನ ಗುಡ್ಡಗಳಲ್ಲಿ ನೆಟ್ಟು ಬೆಳೆಸಿದ ಅಕೇಶಿಯಾವೂ ಚೆನ್ನಾಗಿ ಒಣಗಿದ್ದರೆ ಆದೀತು. ರಬ್ಬರ್ ಮರವಾದರೆ ಔಷಧಿ ಕೊಟ್ಟಿದ್ದಾರೋ ಕೇಳಬೇಕು, ಇಲ್ಲದಿದ್ದರೆ ಕುಟ್ಟೆ ಹುಳ ಬೀಳುತ್ತದೆ. ಪ್ಲೈವುಡ್ ಆದರೆ ಐಎಸ್ 303 ಅಥವಾ ಐಎಸ್ 710 ಮುದ್ರೆ ನೋಡಬೇಕು. ಮರದ ಪುಡಿ ಒತ್ತಿ ಮಾಡಿದ ಬೋರ್ಡು ಮಂಚದ ಕಾಲಿಗೆ ಬೇಡವೇ ಬೇಡ. ಒಂದೆರಡು ಸಲ ಬಿಚ್ಚಿ ಜೋಡಿಸಿದರೆ ಸ್ಕ್ರೂ ಹಿಡಿತ ಬಿಡುತ್ತದೆ.

ಜಾತಿಗಿಂತ ಮುಖ್ಯ, ಮರ ಒಣಗಿದೆಯೇ ಎಂಬುದು. ಹಸಿ ಮರ ಬೇಸಿಗೆಯಲ್ಲಿ ಕುಗ್ಗಿ ಜಾಯಿಂಟು ಸಡಿಲವಾಗುತ್ತದೆ. ನೆಲದ ಮಂಚ ಕಿರುಗುಟ್ಟಿದರೆ ನಿದ್ದೆ ಕೆಟ್ಟೀತು. ಐದಡಿ ಮೇಲಿನದು ಸಡಿಲವಾದರೆ ಮೂಳೆ ಮುರಿದೀತು. ಕಾಲೂ ಅಡ್ಡಪಟ್ಟಿಯೂ ಸೇರುವಲ್ಲಿ ಬರಿ ಮೊಳೆ ಸಾಲದು, ನಟ್ಟು-ಬೋಲ್ಟು ಬೇಕು. ಗೋಡೆಗೂ ಬಿಗಿಯಬೇಕು. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಕಾಲು ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕುತ್ತದೆ.

ಎಲ್ಲ ಕೇಳಿದ ಯಜಮಾನರು ಎದ್ದು ನಿಂತರು. “ಹುಡುಗನಿಗೇನೋ ಹತ್ತು ವರ್ಷ. ಅವನ ತಂಗಿಗೆ ಇನ್ನೂ ನಾಲ್ಕು.”

“ಅಣ್ಣ ಹತ್ತಿದ ಮೇಲೆ ತಂಗಿ ಹತ್ತದೇ ಇರ್ತಾಳಾ ಯಜಮಾನ್ರೇ?”

ಕೊನೆಗೆ ಆರ್ಡರ್ ಆದದ್ದು ನೆಲದಿಂದ ಒಂದೂವರೆ ಅಡಿಯ ಸಾದಾ ಮಂಚ, ಕೆಳಗೆ ಪುಸ್ತಕಕ್ಕೆ ಎರಡು ಡ್ರಾಯರು. ಹುಡುಗ ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ಸರಿಹೋದ.

ದೊಡ್ಡ ಆರ್ಡರ್ ಕೈಬಿಟ್ಟಿತಲ್ಲ ಎಂದು ಶೆಡ್ಡಿನ ಹುಡುಗರು ಗೊಣಗಿದರೆ ಆಚಾರ್ರು ನಕ್ಕರಂತೆ: “ಎಲ್ಲಿಗೆ ಹೋಗುತ್ತೆ? ಎರಡು ವರ್ಷ ಬಿಟ್ಟು ಬರ್ತಾರೆ. ಅಷ್ಟರಲ್ಲಿ ಮರವೂ ಒಣಗುತ್ತೆ.”