ಮೊದಲ ಮನೆಗೆ ಸರ್ಕಾರದ ನೆರವು: ಯಾರಿಗೆ ಸಿಗುತ್ತದೆ?



ಚಿಕ್ಕಬಾಣಾವರದಲ್ಲಿ ಬಾಡಿಗೆಗಿದ್ದು ಪೀಣ್ಯಕ್ಕೆ ಕೆಲಸಕ್ಕೆ ಹೋಗಿ ಬರುವವರು ನಮ್ಮ ಸಂಘಗಳಲ್ಲಿ ಅನೇಕರಿದ್ದಾರೆ. “ಬಾಡಿಗೆ ದುಡ್ಡಲ್ಲೇ ಸ್ವಂತ ಮನೆ ಕಂತು ಕಟ್ಟಬಹುದಲ್ವಾ?” ಎಂಬ ಮಾತು ಸಭೆಯಲ್ಲಿ ಬರುತ್ತಲೇ ಇರುತ್ತದೆ. ಮೊದಲ ಮನೆಗೆ ಸರ್ಕಾರದ ನೆರವು ಉಂಟು. ಆದರೆ ಅದಕ್ಕೆ ಷರತ್ತುಗಳಿವೆ. ಮುಂಗಡ ಕೊಡುವ ಮೊದಲೇ ಅವನ್ನು ತಿಳಿದುಕೊಳ್ಳೋಣ.

ತೆರಿಗೆ ವಿನಾಯಿತಿ ನಮಗೆ ಸಿಗುತ್ತದೆಯೇ?

ತೆರಿಗೆ ಕಟ್ಟುವವರಿಗೆ ಮಾತ್ರ ತೆರಿಗೆಯಲ್ಲಿ ವಿನಾಯಿತಿ. ನಮ್ಮಲ್ಲಿ ಹೆಚ್ಚಿನವರ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಮೊದಲ ಮನೆಯವರಿಗೆಂದೇ ಇದ್ದ 80ಇಇಎ ವಿನಾಯಿತಿ 2019ರ ಏಪ್ರಿಲ್ 1ರಿಂದ 2022ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಹೊಸ ಸಾಲಕ್ಕೆ ಅದು ಇಲ್ಲ. ಆದ್ದರಿಂದ ನಾವು ನೋಡಬೇಕಾದದ್ದು ಬಡ್ಡಿ ಸಹಾಯಧನವನ್ನು.

ಬಡ್ಡಿ ಸಹಾಯಧನ ಎಂದರೇನು?

ಇದು ಪ್ರಧಾನಮಂತ್ರಿ ಆವಾಸ್ ಯೋಜನೆ – ನಗರ 2.0ರ ಒಂದು ಭಾಗ. 2024ರ ಸೆಪ್ಟೆಂಬರ್ 1ರಿಂದ ಈಚೆಗೆ ಮಂಜೂರಾಗಿ ಬಿಡುಗಡೆಯಾದ ಗೃಹಸಾಲಕ್ಕೆ ಅನ್ವಯ. ಸಾಲದ ಮೊದಲ 8 ಲಕ್ಷ ರೂಪಾಯಿಗೆ, 12 ವರ್ಷದ ಅವಧಿಯವರೆಗೆ, ಶೇ. 4ರ ಲೆಕ್ಕದಲ್ಲಿ ಸಹಾಯ. ಒಟ್ಟು ಹೆಚ್ಚೆಂದರೆ 1 ಲಕ್ಷ 80 ಸಾವಿರ ರೂ. ಇದು ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೇ ಜಮಾ ಆಗುತ್ತದೆ, ಕೈಗೆ ಬರುವುದಿಲ್ಲ. ಕಂತು ಕಟ್ಟದೆ ಬಿಟ್ಟರೆ ಸಹಾಯವೂ ನಿಂತೀತು.

ಯಾರು ಅರ್ಹರು?

1. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಇವರ ಒಟ್ಟು ವಾರ್ಷಿಕ ಆದಾಯ 9 ಲಕ್ಷ ರೂ. ಮೀರಬಾರದು. ಉದಾಹರಣೆಗೆ ನಿಮ್ಮ ಸಂಬಳ ತಿಂಗಳಿಗೆ 14,000, ಯಜಮಾನರದು 25,000 ಆದರೆ ವರ್ಷಕ್ಕೆ 4,68,000 ರೂ. ಅಡ್ಡಿಯಿಲ್ಲ.

2. ಇವರಲ್ಲಿ ಯಾರ ಹೆಸರಿನಲ್ಲೂ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಬಾರದು. ಹಲವರು ಎಡವುವುದು ಇಲ್ಲೇ. ಊರಿನ ಮನೆ ಯಜಮಾನರ ಹೆಸರಿಗೆ ಖಾತೆಯಾಗಿದ್ದರೆ, ಇಲ್ಲಿ ಬಾಡಿಗೆಗಿದ್ದರೂ ನೀವು ಅರ್ಹರಲ್ಲ. ಅದು ಇನ್ನೂ ಮಾವನವರ ಹೆಸರಿನಲ್ಲೇ ಇದ್ದರೆ ಅದೊಂದೇ ಕಾರಣಕ್ಕೆ ಅರ್ಜಿ ಬೀಳುವುದಿಲ್ಲ.

3. ಕಳೆದ 20 ವರ್ಷದಲ್ಲಿ ಸರ್ಕಾರದ ಯಾವುದೇ ವಸತಿ ಯೋಜನೆಯ ಲಾಭ ಪಡೆದಿರಬಾರದು.

4. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ರೂ. ಮೀರಬಾರದು.

5. ಮನೆ ಹೆಂಡತಿಯ ಹೆಸರಿನಲ್ಲಿ ಅಥವಾ ಇಬ್ಬರ ಹೆಸರಿನಲ್ಲಿ ನೋಂದಣಿಯಾಗಬೇಕು. ಇದು ನಮಗೆ ದೊಡ್ಡ ಬಲ. “ಹೆಸರು ಯಾರದಾದರೇನು” ಎಂದು ಬಿಟ್ಟುಕೊಡಬೇಡಿ.

ಎಚ್ಚರಿಕೆಯ ಮಾತು

ಸೈಟು, ಮನೆ ಅಗ್ಗವೆಂದು ದಾಖಲೆ ನೋಡದೆ ಮುಂಗಡ ಕೊಡಬೇಡಿ. ಮೊದಲು ಇ-ಖಾತಾ, ಕ್ರಯಪತ್ರ, ಋಣಭಾರ ಪತ್ರ ಕೇಳಿ, ಬ್ಯಾಂಕಿಗೆ ತೋರಿಸಿ. ದಾಖಲೆ ಸರಿಯಿಲ್ಲದೆ ಬ್ಯಾಂಕ್ ಸಾಲ ಸಿಗದಿದ್ದರೆ ಸಹಾಯಧನದ ಮಾತೇ ಇಲ್ಲ. “ಸಬ್ಸಿಡಿ ಮಾಡಿಸಿಕೊಡ್ತೀನಿ, ಕಮಿಷನ್ ಕೊಡಿ” ಎನ್ನುವವರನ್ನು ನಂಬಬೇಡಿ. ಎಲ್ಲರ ಆಧಾರ್ ಹಿಡಿದು ಬ್ಯಾಂಕಿಗೇ ಹೋಗಿ ವಿಚಾರಿಸಿ.

ಸಹಾಯಧನ ಬಂದರೂ ಕಂತು ನಮ್ಮದೇ. ಮುಂದಿನ ವಾರದ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ. ಊರಿನ ಮನೆ ಯಾರ ಹೆಸರಿನಲ್ಲಿದೆ ಎಂದು ಪ್ರತಿಯೊಬ್ಬರೂ ಮನೆಯಲ್ಲಿ ಕೇಳಿಕೊಂಡು ಬನ್ನಿ.